ಸಾವಿರ ಗಜದ ಸ್ಥಳೀಯ ರೈಫಲ್ ಸ್ಪರ್ಧೆ: ಶುಲ್ಕ ಕಟ್ಟಿದರೆ ಕೈಗೆ ಬರುವುದೇನು?

ಸಾವಿರ ಗಜದ ಸ್ಪರ್ಧೆಗೆ ಹೆಸರು ಕೊಡುವವರಲ್ಲಿ ಹೆಚ್ಚಿನವರು ಗುಂಡು ಹಾರಿಸುವ ಅವಕಾಶಕ್ಕೆ ದುಡ್ಡು ಕಟ್ಟುತ್ತಿದ್ದೇವೆ ಅಂದುಕೊಂಡಿರುತ್ತಾರೆ. ರೈಫಲ್ ಅವರದೇ, ಗುಂಡು ಅವರದೇ, ಮಲಗುವ ಚಾಪೆಯೂ ಅವರದೇ. ಹಾಗಾದರೆ ಕ್ಲಬ್ಬು ಒದಗಿಸುವುದೇನು? ಹಾರಿದ ಗುಂಡು ಎಲ್ಲಿ ಬಿತ್ತು ಎಂಬ ಉತ್ತರ. ಅದು ಬೇಗ ಬರಬೇಕು, ಸರಿಯಾಗಿರಬೇಕು, ಸಾಲಿನಲ್ಲಿ ಮಲಗಿದ ಎಲ್ಲರಿಗೂ ಒಂದೇ ವೇಗದಲ್ಲಿ ಬರಬೇಕು. ಸ್ಥಳೀಯ ಸ್ಪರ್ಧೆಯೊಂದನ್ನು ತೂಗುವಾಗ ನಾವು ಮೊದಲು ನೋಡುವುದು ಇದನ್ನೇ. ಟ್ರೋಫಿ, ಊಟ, ನೆರಳು ಎಲ್ಲ ಆಮೇಲೆ.

ಸ್ಪರ್ಧೆ ನಡೆಯುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಪದ್ಧತಿಯಲ್ಲಿ ಒಬ್ಬರಿಗೆ ಒಂದು ಟಾರ್ಗೆಟ್; ಸಾಮಾನ್ಯವಾಗಿ 22 ನಿಮಿಷದೊಳಗೆ ಎರಡು ಸೈಟರ್ (ಗುರಿ ಸರಿ ನೋಡಿಕೊಳ್ಳುವ ಪರೀಕ್ಷಾ ಗುಂಡು), ಆಮೇಲೆ ಲೆಕ್ಕಕ್ಕೆ ಬರುವ 20 ಗುಂಡು. ಗುಂಡಿಗೆ ಗರಿಷ್ಠ 10 ಅಂಕ. ನಟ್ಟನಡುವಿನ ವೃತ್ತಕ್ಕೆ ಬಿದ್ದದ್ದನ್ನು ಎಕ್ಸ್ ಎಂದು ಬೇರೆಯಾಗಿ ಎಣಿಸುತ್ತಾರೆ. ಪೂರ್ಣ ಅಂಕ ಎಂದರೆ 200-20ಎಕ್ಸ್. ಇಂಗ್ಲೆಂಡಿನ ಬಿಸ್ಲಿ ರೇಂಜ್ ಕಡೆಯ ಪದ್ಧತಿಯಲ್ಲಿ ಒಂದೇ ಟಾರ್ಗೆಟ್‌ಗೆ ಇಬ್ಬರು ಅಥವಾ ಮೂವರು ಸರದಿಯಂತೆ ಹೊಡೆಯುತ್ತಾರೆ. ಒಂದು ಗುಂಡಿಗೆ 45 ಸೆಕೆಂಡು, ಗರಿಷ್ಠ 5 ಅಂಕ, ನಟ್ಟನಡುವಿನ ವೃತ್ತಕ್ಕೆ ಎಕ್ಸ್ ಬದಲು ವಿ-ಬುಲ್ ಎಂಬ ಹೆಸರು. ಹತ್ತು ಗುಂಡಿನ ಸುತ್ತಿಗೆ 50.10, ಅಂದರೆ 50 ಅಂಕ ಮತ್ತು 10 ವಿ-ಬುಲ್, ಪೂರ್ಣ. ಅಲ್ಲಿ ಎರಡು ಸೈಟರ್‌ಗಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು, ಆದರೆ ಒಂದು ಷರತ್ತು ಇದೆ: ಎರಡನೆಯದನ್ನು ಮಾತ್ರ ಇಟ್ಟುಕೊಳ್ಳಬಹುದು, ಎರಡನ್ನೂ ಇಟ್ಟುಕೊಳ್ಳಬಹುದು, ಮೊದಲನೆಯದನ್ನಷ್ಟೇ ಇಟ್ಟುಕೊಂಡು ಎರಡನೆಯದನ್ನು ಬಿಡುವ ಹಾಗಿಲ್ಲ. ಈ ತೀರ್ಮಾನವನ್ನು ಮೂರನೆಯ ಗುಂಡಿಗೆ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಸುಮ್ಮನಿದ್ದವರ ಸೈಟರ್ ಸೈಟರ್ ಆಗಿಯೇ ಉಳಿಯುತ್ತದೆ, ಅದು ವಿ-ಬುಲ್ ಆಗಿದ್ದರೂ.

ಹೊಸಬರಿಗೆ ಯಾವುದು ಒಳ್ಳೆಯದು ಎಂದು ಕೇಳಿದರೆ ಸರದಿ ಪದ್ಧತಿ ಎನ್ನುತ್ತೇವೆ. ಪಕ್ಕದವರ ಗುಂಡು ಎಲ್ಲಿ ಬಿತ್ತು ಎಂದು ನೋಡಿ ಗಾಳಿಯ ಬಗ್ಗೆ ಪುಕ್ಕಟೆ ಮಾಹಿತಿ ಸಿಗುತ್ತದೆ; ಅವರ ಅಂಕದ ಕಾರ್ಡ್ ಬರೆಯುತ್ತ ಬರೆಯುತ್ತ ಬಾವುಟದ ಮೇಲೆ ಕಣ್ಣಿಡುವ ಅಭ್ಯಾಸವೂ ಆಗುತ್ತದೆ.

ವಿಭಾಗಗಳು ಮೂರು. ಜೋಲುಪಟ್ಟಿ ತೋಳಿಗೆ ಬಿಗಿದುಕೊಂಡು, ದುರ್ಬೀನಿಲ್ಲದೆ ಅಪರ್ಚರ್ ಸೈಟ್‌ನಲ್ಲಿ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸಾಧನ) ಹೊಡೆಯುವ ಟಾರ್ಗೆಟ್ ರೈಫಲ್ ವಿಭಾಗ ಹಳೆಯದು. ಟೆಲಿಸ್ಕೋಪ್ ಮತ್ತು ಆಸರೆಗೆ ಅವಕಾಶವಿರುವುದು ಎಫ್-ಕ್ಲಾಸ್‌ನಲ್ಲಿ. ಆ 'ಎಫ್' ಬಂದಿರುವುದು ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್ ಹೆಸರಿನಿಂದ. ಇದರಲ್ಲಿ ಎಫ್-ಓಪನ್‌ಗೆ ತೂಕದ ಮಿತಿ 10 ಕಿಲೋ, ಮುಂದಿನ ಆಸರೆ ನೆಲದ ಮೇಲೆ ಬೇರೆಯಾಗಿ ಕೂರುತ್ತದೆ. ಎಫ್-ಟಿಆರ್‌ಗೆ .308 ವಿಂಚೆಸ್ಟರ್ ಅಥವಾ .223 ರೆಮಿಂಗ್ಟನ್ ಕಾಡತೂಸು ಮಾತ್ರ, ಬೈಪಾಡ್ (ಎರಡು ಕಾಲಿನ ಆಸರೆ) ಮತ್ತು ಸ್ಕೋಪ್ ಸೇರಿ 8.25 ಕಿಲೋ. ಸ್ಥಳೀಯ ಸ್ಪರ್ಧೆಗಳಲ್ಲಿ ತಕ್ಕಡಿ ಹೊರಬರುವುದು ಕಡಿಮೆ, ಆದರೆ ಭಾರದ ಬೈಪಾಡ್ ತಂದು 8.4 ಕಿಲೋ ತೂಗಿಸಿಕೊಂಡು ಎಫ್-ಓಪನ್‌ಗೆ ದೂಡಿಸಿಕೊಂಡವರ ಮುಖ ನೋಡಲಾಗುವುದಿಲ್ಲ. ಮನೆಯಲ್ಲೇ ತೂಗಿ ಹೋಗುವುದು ವಾಸಿ. ನಳಿಕೆಯ ತುದಿಗೆ ಕೂರಿಸಿ ಹಿಮ್ಮೆಟ್ಟು ತಗ್ಗಿಸುವ ಮಜಲ್ ಬ್ರೇಕ್ ಎಫ್-ಕ್ಲಾಸ್‌ನಲ್ಲಿ ಸಲ್ಲದು. ಪಕ್ಕದವರ ಕಿವಿಗೆ ಬಡಿಯುವ ಸದ್ದು, ಕಣ್ಣಿಗೆ ಎರಚುವ ಧೂಳು ಸಾಕು ಕಾರಣಕ್ಕೆ.

ಈಗ ಉತ್ತರಕ್ಕೆ ಅಷ್ಟು ಬೆಲೆ ಯಾಕೆ ಎನ್ನುವುದಕ್ಕೆ ಬರೋಣ. ಅಮೆರಿಕದ ಎಫ್-ಕ್ಲಾಸ್ ಟಾರ್ಗೆಟ್‌ನಲ್ಲಿ ಸಾವಿರ ಗಜಕ್ಕೆ 10ರ ವೃತ್ತ 10 ಇಂಚು ಅಗಲ, ಎಕ್ಸ್ 5 ಇಂಚು, 9ರದು 20, 8ರದು 30. ಅಂದರೆ ನಡುವಿನಿಂದ ಎಡಕ್ಕೋ ಬಲಕ್ಕೋ 5 ಇಂಚು ಸರಿದರೆ 10 ಕೈತಪ್ಪಿತು. 155 ಗ್ರೇನ್ (ಸುಮಾರು 10 ಗ್ರಾಂ) ತೂಕದ ಗುಂಡನ್ನು ಸೆಕೆಂಡಿಗೆ 2,950 ಅಡಿ ವೇಗದಲ್ಲಿ ಬಿಡುವ .308ಕ್ಕೆ ಗಂಟೆಗೆ ಒಂದು ಮೈಲಿ ಅಡ್ಡಗಾಳಿ ಸಾವಿರ ಗಜದಲ್ಲಿ ಸುಮಾರು 8ರಿಂದ 9 ಇಂಚು ಸರಿಸುತ್ತದೆ. ಲೆಕ್ಕ ಹಾಕಿ: ಗಾಳಿಯ ಅಂದಾಜು ಗಂಟೆಗೆ ಅರ್ಧ ಮೈಲಿಗಿಂತ ಸ್ವಲ್ಪ ಹೆಚ್ಚು ತಪ್ಪಿದರೆ ಅಂಕ ಹೋಯಿತು. ಅಷ್ಟು ಸಣ್ಣ ವ್ಯತ್ಯಾಸ ಕೆನ್ನೆಗೂ ತಾಗುವುದಿಲ್ಲ. 180 ಗ್ರೇನಿನ 7 ಮಿ.ಮೀ. ಗುಂಡು ಹಾಕುವ ಎಫ್-ಓಪನ್‌ನವರಿಗೆ ಇದು 5–6 ಇಂಚಿಗೆ ಇಳಿಯುತ್ತದೆ. ಆ ವಿಭಾಗದಲ್ಲಿ ಅಂಕ ಹೆಚ್ಚು ಬರುವುದಕ್ಕೆ ಭಾರದ ರೈಫಲ್ಲಿಗಿಂತ ಇದೇ ದೊಡ್ಡ ಕಾರಣ.

ಬಾವುಟದಿಂದ ಅಂದಾಜು ಸಿಗುತ್ತದೆ. ಕಂಬಕ್ಕೂ ಬಾವುಟಕ್ಕೂ ನಡುವಿನ ಕೋನವನ್ನು 4ರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಮೈಲಿ ಎಂಬ ಹಳೆಯ ಸೂತ್ರ ಇದೆ, ಆದರೆ ಬಾವುಟದ ಬಟ್ಟೆ ದಪ್ಪವಿದ್ದರೆ, ರಾತ್ರಿ ಮಂಜಿಗೆ ಒದ್ದೆಯಾಗಿದ್ದರೆ ಸೂತ್ರ ಮಲಗಿಬಿಡುತ್ತದೆ. ಇನ್ನು ದಿಕ್ಕು: ಪೂರ್ತಿ ಅಡ್ಡ ಬೀಸಿದರೆ ಪೂರ್ತಿ ಲೆಕ್ಕ, ಗುಂಡಿನ ದಾರಿಗೆ 30 ಡಿಗ್ರಿಯಲ್ಲಿ ಬೀಸಿದರೆ ಅರ್ಧ, 45ಕ್ಕೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಇಲ್ಲೊಂದು ಮೋಸವಿದೆ. ಎದುರುಗಾಳಿ ಎಂದು ನಿರ್ಲಕ್ಷಿಸಿದ್ದು 10 ಡಿಗ್ರಿ ಎಡಕ್ಕೂ 10 ಡಿಗ್ರಿ ಬಲಕ್ಕೂ ತೂಗಾಡುತ್ತಿದ್ದರೆ, ಗಂಟೆಗೆ 10 ಮೈಲಿ ಗಾಳಿಗೆ ಒಟ್ಟು ಮೂರೂವರೆ ಮೈಲಿಯಷ್ಟು ಅಡ್ಡಗಾಳಿ ಅತ್ತಿತ್ತ ಆಡಿತು ಎಂದರ್ಥ. 30 ಇಂಚಿನ ವ್ಯತ್ಯಾಸ! ಸ್ಥಿರವಾಗಿ ಜೋರಾಗಿ ಬೀಸುವ ಅಡ್ಡಗಾಳಿ ಇದಕ್ಕಿಂತ ಎಷ್ಟೋ ಮೇಲು.

ಬಿಸಿಲ್ಗುದುರೆ ಬಾವುಟಕ್ಕಿಂತ ನಿಜ ಹೇಳುತ್ತದೆ. ಸ್ಪಾಟಿಂಗ್ ಸ್ಕೋಪನ್ನು ಟಾರ್ಗೆಟ್‌ಗೆ ಚೂಪು ಮಾಡಿ, ಆಮೇಲೆ ಫೋಕಸ್ ಅನ್ನು ಸ್ವಲ್ಪ ಹತ್ತಿರಕ್ಕೆ ಎಳೆದರೆ ದಾರಿಯ ನಡುವಿನ ಬಿಸಿಗಾಳಿ ನೀರಿನ ಹಾಗೆ ಹರಿಯುವುದು ಕಾಣುತ್ತದೆ. ಮೇಲ್ಮುಖವಾಗಿ ಕುದಿಯುತ್ತಿದ್ದರೆ ಗಾಳಿ ನಿಂತಿದೆ, ಇಲ್ಲವೇ ನೇರ ಎದುರಿನಿಂದ ಅಥವಾ ಬೆನ್ನಿನಿಂದ ಬರುತ್ತಿದೆ. ಓರೆಯಾಗಿ ಏರುತ್ತಿದ್ದರೆ ಮೆಲ್ಲನೆಯ ಗಾಳಿ. ಅಡ್ಡಕ್ಕೆ ಮಲಗಿ ಓಡುತ್ತಿದ್ದರೆ ಗಂಟೆಗೆ ಎಂಟು-ಹತ್ತು ಮೈಲಿ ಮುಟ್ಟಿದೆ. ಅದಕ್ಕಿಂತ ಮೇಲಿನ ವೇಗಗಳ ನಡುವೆ ಬಿಸಿಲ್ಗುದುರೆ ಭೇದ ತೋರಿಸುವುದಿಲ್ಲ, ಆಗ ಮತ್ತೆ ಬಾವುಟವೇ ಗತಿ. ಕುದಿಯುವಾಗ ಟ್ರಿಗರ್ ಒತ್ತುವುದು ಅಪಾಯದ ಕೆಲಸ. ಕುದಿತ ಎಂದರೆ ಗಾಳಿ ದಿಕ್ಕು ಬದಲಿಸುವ ಹೊತ್ತು. ಗುಂಡು ತಲುಪಲು ಒಂದೂವರೆ ಸೆಕೆಂಡು ಬೇಕು. ರೇಂಜಿನ ಬಗ್ಗೆ ಒಂದು ದೂರು ಇಲ್ಲೇ ಹೇಳಿಬಿಡಬೇಕು: ಬಹಳ ಕಡೆ ಬಾವುಟಗಳನ್ನು ಟಾರ್ಗೆಟ್ ಬಳಿ ಸಾಲಾಗಿ ನೆಟ್ಟು, ಹೊಡೆಯುವವರ ಮುಂದಿನ 300 ಗಜವನ್ನು ಬರಿದಾಗಿ ಬಿಡುತ್ತಾರೆ. ಆರಂಭದಲ್ಲಿ ಗುಂಡಿಗೆ ಬಿದ್ದ ಪಕ್ಕದ ತಳ್ಳು ಉಳಿದ ದಾರಿಯುದ್ದಕ್ಕೂ ಅದನ್ನು ಹೊರಕ್ಕೆ ಒಯ್ಯುತ್ತಲೇ ಹೋಗುತ್ತದೆ. ಹತ್ತಿರದ ಬಾವುಟವೇ ಹೆಚ್ಚು ಬೇಕು.

ಇಷ್ಟೆಲ್ಲ ಓದಿ, ತಿದ್ದಿ, ಹೊಡೆದ ಮೇಲೆ ಅದು ಸರಿಯೋ ತಪ್ಪೋ ತಿಳಿಯುವುದು ಬಟ್ಸ್‌ನಿಂದ, ಅಂದರೆ ಟಾರ್ಗೆಟ್ ನಿಲ್ಲಿಸುವ ಜಾಗದಿಂದ. ಕಾಗದದ ಟಾರ್ಗೆಟ್ ಇರುವ ಸ್ಪರ್ಧೆಯಲ್ಲಿ ಸ್ಪರ್ಧಿಗಳೇ ಮೂರು ಪಾಳಿಯಾಗಿ, ಒಂದು ಪಾಳಿ ಹೊಡೆಯುವಾಗ ಇನ್ನೊಂದು ಅಂಕ ಬರೆಯುತ್ತದೆ, ಮತ್ತೊಂದು ದಿಬ್ಬದ ಹಿಂದಿನ ಗುಂಡಿಯಲ್ಲಿ ನಿಂತು ಟಾರ್ಗೆಟ್ ಏರಿಸಿ ಇಳಿಸುತ್ತದೆ. ಒಳ್ಳೆಯ ಬಟ್ಸ್ ಕೆಲಸವನ್ನು ಹತ್ತಿರದಿಂದ ನೋಡಬೇಕು. ತಲೆಯ ಮೇಲೆ ಚಟ್ ಎಂದ ಕ್ಷಣ ಕಣ್ಣು ಹಿಂದಿನ ಮಣ್ಣುದಿಬ್ಬದ ಮೇಲೆ, ಧೂಳು ಎದ್ದಿತೇ? ಚೌಕಟ್ಟು ಕೆಳಕ್ಕೆ ಬರುವಷ್ಟರಲ್ಲಿ ತೂತು ಎಲ್ಲಿರಬೇಕು ಎಂಬ ಅಂದಾಜು ಸಿದ್ಧ. ಹೊಸ ತೂತಿಗೆ ಬಿಲ್ಲೆ ಸಿಕ್ಕಿಸು, ಹಳೆಯ ತೂತಿನ ಬಿಲ್ಲೆ ಕಿತ್ತು ಚೀಟಿ ಅಂಟಿಸು, ಅಂಚಿನ ಅಂಕದ ಗುರುತು ಸರಿಸು, ಮೇಲಕ್ಕೆ ತಳ್ಳು. ಏಳೆಂಟು ಸೆಕೆಂಡು. ಕಪ್ಪು ಭಾಗಕ್ಕೆ ಬಿಳಿ ಚೀಟಿ, ಬಿಳಿ ಭಾಗಕ್ಕೆ ಕಪ್ಪು ಚೀಟಿ ಅಂಟಿಸುವವರು ಪ್ರತಿ ಸ್ಪರ್ಧೆಯಲ್ಲೂ ಒಬ್ಬರಾದರೂ ಇರುತ್ತಾರೆ. ಸಾವಿರ ಗಜದಾಚೆಯಿಂದ ನೋಡುವವರಿಗೆ ಟಾರ್ಗೆಟ್‌ಗೆ ಸಿಡುಬು ಎದ್ದ ಹಾಗೆ ಕಾಣುತ್ತದೆ.

22 ನಿಮಿಷಕ್ಕೆ 22 ಗುಂಡು ಎಂದರೆ ಒಂದಕ್ಕೆ ಸರಿಯಾಗಿ 60 ಸೆಕೆಂಡು. ಬಟ್ಸ್‌ನವರು 8 ಸೆಕೆಂಡಿನಲ್ಲಿ ಕೊಟ್ಟರೆ ಗಾಳಿ ಓದಿ ಹೊಡೆಯಲು 52 ಉಳಿಯಿತು. 25 ಸೆಕೆಂಡು ಎಳೆದರೆ 35. ಹೋದ 17 ಸೆಕೆಂಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ: ಉತ್ತರ ಬರುವ ಹೊತ್ತಿಗೆ ಆ ಗಾಳಿ ಹೊರಟುಹೋಗಿರುತ್ತದೆ. 9 ಬಿದ್ದಿದೆ, ಸರಿ, ಆದರೆ ಯಾವ ಗಾಳಿಗೆ? ನಿಧಾನದ ಬಟ್ಸ್ ಮುಂದೆ ಮಲಗಿದವರು ಊಹೆಯ ಮೇಲೆ ಊಹೆ ಕಟ್ಟುತ್ತಾರೆ. ಒಂದೇ ಸಾಲಿನಲ್ಲಿ 4ನೇ ಟಾರ್ಗೆಟ್ ಚುರುಕು, 5ನೆಯದು ಆಮೆ ಆಗಿದ್ದರೆ ಅಂಥ ಸ್ಪರ್ಧೆಯ ಫಲಿತಾಂಶಪಟ್ಟಿಗೆ ನಾವು ಬೆಲೆ ಕೊಡುವುದಿಲ್ಲ. ಹೊಡೆದ ಮೇಲೂ ಟಾರ್ಗೆಟ್ ಇಳಿಯದಿದ್ದರೆ ಇನ್ನೊಂದು ಗುಂಡು ಹಾಕಬೇಡಿ. ರೇಂಜ್ ಅಧಿಕಾರಿಗೆ ಹೇಳಿ ಟಾರ್ಗೆಟ್ ಇಳಿಸಿ ನೋಡಿಸಿ. ಎರಡು ತೂತು ಒಟ್ಟಿಗೆ ಸಿಕ್ಕರೆ ಯಾವುದು ಯಾವಾಗಿನದು ಎನ್ನುವ ಜಗಳ ಬಗೆಹರಿಯುವುದಿಲ್ಲ.

ಎಲೆಕ್ಟ್ರಾನಿಕ್ ಟಾರ್ಗೆಟ್ ಈ ರಗಳೆಗೆಲ್ಲ ಪರಿಹಾರ ಎನ್ನುತ್ತಾರೆ. ಮುಕ್ಕಾಲು ಪಾಲು ನಿಜ. ಚೌಕಟ್ಟಿನ ಮೂಲೆಗಳಲ್ಲಿ ಮೈಕ್ರೊಫೋನುಗಳು. ಶಬ್ದಕ್ಕಿಂತ ವೇಗವಾಗಿ ಬರುವ ಗುಂಡು ತನ್ನ ಹಿಂದೆ ಎಳೆದುತರುವ ಆಘಾತ ತರಂಗ ಒಂದೊಂದು ಮೂಲೆಗೆ ಒಂದೊಂದು ಕ್ಷಣದಲ್ಲಿ ತಾಗುತ್ತದೆ; ಆ ವ್ಯತ್ಯಾಸದಿಂದ ಗುಂಡು ದಾಟಿದ ಜಾಗ ಲೆಕ್ಕವಾಗಿ, ಮಲಗಿದವರ ಪಕ್ಕದ ಟ್ಯಾಬ್ಲೆಟ್‌ನಲ್ಲಿ ಚುಕ್ಕೆಯಾಗಿ ಮೂಡುತ್ತದೆ. ಶಬ್ದ ಒಂದು ಮಿಲಿಮೀಟರ್ ಸಾಗಲು ಸುಮಾರು 3 ಮೈಕ್ರೊಸೆಕೆಂಡು ಬೇಕು, ಯಂತ್ರ ಅಷ್ಟು ಸೂಕ್ಷ್ಮವಾಗಿ ಎಣಿಸುತ್ತದೆ. ಅದಕ್ಕೇ ಕೂರಿಸುವ ಕೆಲಸದಲ್ಲಿ ಸೋಮಾರಿತನ ನಡೆಯುವುದಿಲ್ಲ. ಮೂಲೆಯ ಮೈಕ್ ಒಂದು ಸೆಂಟಿಮೀಟರ್ ಜಾರಿ ಕೂತಿದ್ದರೆ ಗುಂಪು ತಪ್ಪು ಕಡೆ ಕಾಣುತ್ತದೆ. ತಾಪಮಾನ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರ್ ಹೆಚ್ಚುತ್ತದೆ. ತಾಪಮಾನದ ಸಂವೇದಕ ಬಿಸಿಲಿಗೆ ಕಾದ ಕಬ್ಬಿಣಕ್ಕೆ ಅಂಟಿಕೊಂಡಿದ್ದರೆ ಲೆಕ್ಕ ಕೆಡುತ್ತದೆ. ಟಾರ್ಗೆಟ್ ಬಳಿ ಸೆಕೆಂಡಿಗೆ 5 ಮೀಟರ್ ಗಾಳಿ ಇದ್ದರೆ, ಶಬ್ದ ಒಂದು ಮೀಟರ್ ಸಾಗುವ 3 ಮಿಲಿಸೆಕೆಂಡಿನಲ್ಲಿ ತರಂಗವೇ 15 ಮಿ.ಮೀ. ಪಕ್ಕಕ್ಕೆ ತೇಲುತ್ತದೆ. 127 ಮಿ.ಮೀ. ಅಗಲದ ಎಕ್ಸ್‌ನಲ್ಲಿ ಇದು ಗೆರೆಯ ಮೇಲಿನ ಗುಂಡನ್ನಷ್ಟೇ ಅತ್ತಿತ್ತ ಮಾಡೀತು, ಆದರೆ ಗೆಲುವು ಸೋಲು ತೀರ್ಮಾನವಾಗುವುದೂ ಅಂಥ ಗುಂಡುಗಳಲ್ಲೇ.

ಹೆಸರು ಕೊಡುವ ಮೊದಲು ಸಂಘಟಕರನ್ನು ಕೇಳಬೇಕಾದ ಒಂದು ಪ್ರಶ್ನೆ ಇದೆ: ಕಾಗದ ಕಟ್ಟಿ ತಾಳೆ ನೋಡಿದ್ದು ಯಾವಾಗ? ಚೌಕಟ್ಟಿಗೆ ಹೊಸ ಕಾಗದ ಕಟ್ಟಿ, ಹತ್ತಿರದ ದೂರದಿಂದ ಐದು ಗುಂಡನ್ನು ಬೇರೆ ಬೇರೆ ಮೂಲೆಗೆ ಹೊಡೆದು, ತೂತುಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ಪರದೆಗೆ ಹೋಲಿಸಿದರೆ ಮುಗಿಯಿತು. ಅರ್ಧ ಗಂಟೆಯ ಕೆಲಸ. ಈ ಪ್ರಶ್ನೆಗೆ "ಯಂತ್ರ ಅಲ್ಲವೇ, ಅದು ಸರಿಯಾಗೇ ಇರುತ್ತದೆ" ಎಂಬ ಉತ್ತರ ಬಂದರೆ ನಿರೀಕ್ಷೆ ತಗ್ಗಿಸಿಕೊಳ್ಳಿ.

ಗುಂಡು ದಾಖಲಾಗದೇ ಹೋಗುವುದು ಎಲೆಕ್ಟ್ರಾನಿಕ್ ಟಾರ್ಗೆಟ್‌ನ ದೊಡ್ಡ ತಲೆನೋವು. ಕಾರಣ ಕೆಲವೊಮ್ಮೆ ಬ್ಯಾಟರಿ, ಕೆಲವೊಮ್ಮೆ ವೈರ್‌ಲೆಸ್ ಸಂಪರ್ಕ, ಕೆಲವೊಮ್ಮೆ ನಿಮ್ಮ ಗುಂಡೇ. ಆಘಾತ ತರಂಗ ಹುಟ್ಟಬೇಕಾದರೆ ಗುಂಡು ಟಾರ್ಗೆಟ್ ದಾಟುವಾಗಲೂ ಶಬ್ದದ ವೇಗ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್, ಮೀರಿರಬೇಕು. ಮೇಲೆ ಹೇಳಿದ 155 ಗ್ರೇನಿನ ಗುಂಡು ಆ ಗಡಿಯ ಮೇಲೆ ನೆಮ್ಮದಿಯಾಗಿ ಉಳಿಯುತ್ತದೆ. 300 ಮೀಟರ್ ಸ್ಪರ್ಧೆಗಾಗಿ ರೂಪಿಸಿದ 168 ಗ್ರೇನಿನ ಹಳೆಯ ಮ್ಯಾಚ್ ಗುಂಡನ್ನು ಗಿಡ್ಡ ಬ್ಯಾರೆಲ್‌ನಿಂದ ಬಿಟ್ಟರೆ ಸಾವಿರ ಗಜ ಮುಟ್ಟುವ ಮೊದಲೇ ಗಡಿಯ ಹತ್ತಿರ ಓಲಾಡತೊಡಗುತ್ತದೆ. ಕಾಗದದಲ್ಲಾದರೆ ಓರೆಯಾಗಿ ಸೀಳಿದ ತೂತಾದರೂ ಸಿಕ್ಕೀತು. ಮೈಕ್‌ಗೆ ಅದೂ ಕೇಳಿಸುವುದಿಲ್ಲ. 600 ಗಜದಲ್ಲಿ ಚಂದವಾಗಿ ಗುಂಪು ಕೊಟ್ಟ ಕಾಡತೂಸು ಸಾವಿರಕ್ಕೂ ಆಗುತ್ತದೆ ಎಂದು ನಂಬಿ ಹೋದವರು ಎಡವುವುದು ಇಲ್ಲಿ.

ಕಾಡತೂಸಿನ ವಿಷಯ ಬಂದಿದ್ದರಿಂದ ಇನ್ನೆರಡು ಮಾತು. ಸಾವಿರ ಗಜದಲ್ಲಿ ಅಡ್ಡದ ಚದರಿಕೆ ಗಾಳಿಯದು, ಉದ್ದದ ಚದರಿಕೆ ಬಹುಪಾಲು ವೇಗದ್ದು. ಗುಂಡಿಂದ ಗುಂಡಿಗೆ ವೇಗ ಸೆಕೆಂಡಿಗೆ 20 ಅಡಿ ವ್ಯತ್ಯಾಸವಾದರೆ ಮೇಲೆ-ಕೆಳಗೆ ಸುಮಾರು 5 ಇಂಚು. ಹತ್ತು ಇಂಚಿನ ವೃತ್ತದಲ್ಲಿ ಅರ್ಧ ಜಾಗವನ್ನು ಅಲ್ಲೇ ಕೊಟ್ಟುಬಿಟ್ಟ ಹಾಗಾಯಿತು. ಇದಕ್ಕೇ ಮದ್ದನ್ನು ಕಾಳು ಕಾಳಾಗಿ ತೂಗುತ್ತಾರೆ. ಹುಚ್ಚು ಅನಿಸಬಹುದು, ಕ್ರೊನೊಗ್ರಾಫ್ ಇಟ್ಟು ನೋಡಿದವರಿಗೆ ಅನಿಸುವುದಿಲ್ಲ. ಆದರೆ ಮೊದಲ ಸ್ಪರ್ಧೆಗೆ ಅಷ್ಟು ದೂರ ಹೋಗಬೇಕಿಲ್ಲ, ಒಂದೇ ಲಾಟಿನ 70 ರೌಂಡ್ ತಂದರೆ ಮೂರು ಸುತ್ತು ಸೈಟರ್ ಸಮೇತ ಮುಗಿಯುತ್ತದೆ. ಕಾದ ಚೇಂಬರಿನಲ್ಲಿ ಕಾಡತೂಸು ಹಾಕಿಟ್ಟು ಗಾಳಿಗೆ ಕಾಯಬೇಡಿ: ಮದ್ದು ಬಿಸಿಯಾಗಿ ವೇಗ ಏರುತ್ತದೆ, ಗುಂಡು ಮೇಲೆ ಹೋಗುತ್ತದೆ. ಗಾಳಿ ಕೂತ ಮೇಲೆ ತುಂಬಿ.

ಮೊದಲ ಸಲ ಬಂದವರಲ್ಲಿ ಸೈಟರ್ ಎರಡೂ ಟಾರ್ಗೆಟ್ ಹೊರಗೆ ಹೋಗುವುದು ಮಾಮೂಲು. ಅದಕ್ಕೆ ಕಾರಣ ಗಾಳಿ ಅಲ್ಲವೇ ಅಲ್ಲ, ಟರೆಟ್, ಅಂದರೆ ಸ್ಕೋಪಿನ ಗುರಿಯನ್ನು ಏರಿಸಿ ಇಳಿಸುವ ತಿರುಗುಗುಬ್ಬಿ. ನೂರು ಗಜಕ್ಕೆ ಗುರಿ ಹೊಂದಿಸಿದ ಝೀರೋದಿಂದ ಸಾವಿರಕ್ಕೆ .308ಕ್ಕೆ ಸುಮಾರು 30 ಎಂಒಎ ಏರಿಸಬೇಕು (ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ; ಸಾವಿರ ಗಜದಲ್ಲಿ ಸುಮಾರು ಹತ್ತೂವರೆ ಇಂಚು). ಒಂದು ಸುತ್ತಿಗೆ 15 ಎಂಒಎ ಇರುವ ಟರೆಟ್ ಆದರೆ ಎರಡು ಪೂರ್ತಿ ಸುತ್ತು. ಗುರುತು ಮತ್ತೆ ಸೊನ್ನೆಗೇ ಬಂದು ನಿಲ್ಲುತ್ತದೆ. ಒಂದು ಸುತ್ತು ಮರೆತರೂ ನೋಡಲು ಹಾಗೇ ಕಾಣುತ್ತದೆ, ಗುಂಡು ಮಾತ್ರ 13 ಅಡಿ ಕೆಳಗೆ ಮಣ್ಣು ತಿನ್ನುತ್ತದೆ. ಟರೆಟ್ ಬುಡದ ಅಡ್ಡಗೆರೆಗಳನ್ನು ಎಣಿಸಿ, ಪಕ್ಕದಲ್ಲಿ ಅಂಕ ಬರೆಯುವವರಿಗೂ ತೋರಿಸಿ. ಸ್ಕೋಪಿಗೆ ಅಷ್ಟು ಏರುವ ಅವಕಾಶವೇ ಇಲ್ಲದಿದ್ದರೆ 20 ಎಂಒಎ ಇಳಿಜಾರಿನ ರೇಲ್ ಬೇಕಾಗುತ್ತದೆ, ಅದನ್ನು ಸ್ಪರ್ಧೆಯ ಬೆಳಿಗ್ಗೆ ಕಂಡುಕೊಳ್ಳಬಾರದು. ಇನ್ನೊಂದು ಓರೆ: ರೈಫಲ್ ಒಂದು ಡಿಗ್ರಿ ವಾಲಿದರೂ ಸಾವಿರ ಗಜದಲ್ಲಿ 5 ಇಂಚಿಗೂ ಹೆಚ್ಚು ಪಕ್ಕಕ್ಕೆ. ಸ್ಕೋಪಿನ ಮೇಲಿನ ಗುಳ್ಳೆಮಟ್ಟಕ್ಕಿಂತ ಒಳ್ಳೆಯ ಲಾಭ ಕೊಡುವ ವಸ್ತು ಈ ಆಟದಲ್ಲಿ ಇನ್ನೊಂದಿಲ್ಲ. ಟಾರ್ಗೆಟ್ ಸಾಲು ಇಳಿಜಾರಾಗಿ ಕಾಣುವ ರೇಂಜುಗಳಲ್ಲಿ ಕಣ್ಣು ತಾನಾಗೇ ರೈಫಲನ್ನು ವಾಲಿಸುತ್ತದೆ.

ಪಕ್ಕದ ಟಾರ್ಗೆಟ್‌ಗೆ ಹೊಡೆಯುವುದು, ಕ್ರಾಸ್‌ಫೈರ್, ನಿಮಗೆ ಸೊನ್ನೆ. 1874ರಲ್ಲಿ ಅಮೆರಿಕದ ಕ್ರೀಡ್‌ಮೂರ್ ರೇಂಜ್‌ನಲ್ಲಿ ನಡೆದ ಪ್ರಸಿದ್ಧ ಪಂದ್ಯದಲ್ಲಿ ಅಮೆರಿಕ 934, ಐರ್ಲೆಂಡ್ 931. ಐರಿಷ್ ತಂಡದ ಮಿಲ್ನರ್ ಹೊಡೆದ ಒಂದು ಗುಂಡು ಬುಲ್ ಸೇರಿತ್ತು, ಪಕ್ಕದ ಟಾರ್ಗೆಟ್‌ನ ಬುಲ್! ಸ್ಕೋಪ್ ಇಲ್ಲದ ಕಾಲದ ಕಥೆ ಎಂದು ನಗುವಂತಿಲ್ಲ: 40ರಷ್ಟು ವರ್ಧನೆಯ ಸ್ಕೋಪಿನಲ್ಲಿ ಒಂದೇ ಟಾರ್ಗೆಟ್ ಕಾಣುವುದರಿಂದ, ಹಿಮ್ಮೆಟ್ಟಿದ ರೈಫಲನ್ನು ಮತ್ತೆ ಕೂರಿಸುವಾಗ ಅದು ಯಾರದು ಎಂದು ಗೊತ್ತಾಗುವುದಿಲ್ಲ. ಪ್ರತಿ ಗುಂಡಿಗೂ ಹಲಗೆಯ ಸಂಖ್ಯೆ ಓದಿ. ಎಲೆಕ್ಟ್ರಾನಿಕ್ ಪದ್ಧತಿಗೆ ಇಲ್ಲಿ ಪೂರ್ತಿ ಅಂಕ ಕೊಡಬೇಕು. ನೀವು ಹೊಡೆಯದ ಗುಂಡು ಪರದೆಗೆ ಬಂದರೆ ಸಮಯದ ದಾಖಲೆ ನೋಡಿ ಅಧಿಕಾರಿ ಒಂದೇ ನಿಮಿಷದಲ್ಲಿ ತೀರಿಸುತ್ತಾರೆ.

ಆದರೆ ಪರದೆಯ ವೇಗವೇ ಆಟವನ್ನು ಬದಲಿಸಿದೆ. ಉತ್ತರ ಕ್ಷಣದಲ್ಲಿ ಬರುವುದರಿಂದ, ಒಂದು ಗಾಳಿ ಹಿಡಿದುಕೊಂಡು ಅದು ಬದಲಾಗುವ ಮೊದಲು ಇಪ್ಪತ್ತೂ ಗುಂಡನ್ನು ಐದಾರು ನಿಮಿಷದಲ್ಲಿ ಸುರಿದು ಏಳುವವರಿದ್ದಾರೆ. ತಪ್ಪೇನಲ್ಲ, ನಿಯಮದೊಳಗೇ ಇದೆ. ಬ್ಯಾರೆಲ್ ಮಾತ್ರ ಬೇಗ ಸವೆಯುತ್ತದೆ. ಹಾಗೆ ಸುರಿಯುವಾಗ ಗಾಳಿ ತಿರುಗಿದ್ದು ಕಾಣದೆ ಸಾಲಾಗಿ ಮೂರು 8 ಹೊಡೆಯುವುದೂ ಇದೇ ಆಟದ ಭಾಗ. ಕೆಲವು ಕ್ಲಬ್ಬುಗಳು ಪರದೆಯ ಚುಕ್ಕೆಯನ್ನು ಬೇಕೆಂದೇ ಕೆಲವು ಸೆಕೆಂಡು ತಡಮಾಡಿ ತೋರಿಸುತ್ತವೆ. ನಮಗೆ ಅದು ಸರಿ ಎನಿಸುತ್ತದೆ, ಎಲ್ಲ ಟಾರ್ಗೆಟ್‌ಗೂ ತಡ ಒಂದೇ ಇರುವ ತನಕ.

ಹಾಗಾದರೆ ಯಾವ ಸ್ಪರ್ಧೆಗೆ ಶುಲ್ಕ ಕಟ್ಟಬೇಕು? ಬಟ್ಸ್‌ನಲ್ಲಿ ಮೇಲ್ವಿಚಾರಕರಿದ್ದು, 10 ಸೆಕೆಂಡಿನೊಳಗೆ ಉತ್ತರ ಕೊಡುವ ಕಾಗದದ ಸ್ಪರ್ಧೆ ಸಿಕ್ಕರೆ ಮೊದಲು ಅದಕ್ಕೇ ಹೋಗಿ. ಗುಂಡಿಯಲ್ಲಿ ಒಂದು ಪಾಳಿ ನಿಂತವರಿಗೆ ಬೇರೆಯವರ ಗುಂಪು ಗಾಳಿಯ ಜೊತೆ ಹೇಗೆ ಸರಿದಾಡುತ್ತದೆ ಎನ್ನುವುದು ಕೈಯಳತೆಯಲ್ಲಿ ಕಾಣುತ್ತದೆ. ಯಾವ ಪರದೆಯೂ ಅದನ್ನು ತೋರಿಸದು. ದಿನ ಉದ್ದ, ತೋಳು ನೋವು, ಬಿಸಿಲು ಬೇರೆ. ಹತ್ತು ಹನ್ನೆರಡು ಜನ ಮಾತ್ರ ಸೇರುವ ಸಣ್ಣ ಕ್ಲಬ್ಬಿಗೆ ಎಲೆಕ್ಟ್ರಾನಿಕ್ ಟಾರ್ಗೆಟ್ಟೇ ಸರಿ. ಅಷ್ಟು ಜನರಲ್ಲಿ ಬಟ್ಸ್ ಪಾಳಿ ಕಟ್ಟಹೊರಟರೆ ಸಂಜೆಯಾದರೂ ಮುಗಿಯುವುದಿಲ್ಲ. ಎರಡರಲ್ಲೂ ಸುರಕ್ಷತೆಯ ಮಟ್ಟವನ್ನು ಬೆಳಗಿನ ಸೂಚನೆಯಲ್ಲೇ ಅಳೆಯಬಹುದು: ಚೇಂಬರ್ ಫ್ಲ್ಯಾಗ್ (ಚೇಂಬರ್ ಖಾಲಿ ಎಂದು ತೋರಿಸುವ ಗುರುತು) ಇಲ್ಲದ ರೈಫಲ್ ಸಾಲಿಗೆ ಬರಲು ಬಿಡುತ್ತಾರೆಯೇ, ಮುಂದೆ ಜನ ಇರುವಾಗ ರೈಫಲ್ ಮುಟ್ಟಿದವರನ್ನು ಎಬ್ಬಿಸಿ ಕಳಿಸುತ್ತಾರೆಯೇ. ಇಲ್ಲ ಎಂದಾದರೆ ಅಲ್ಲಿಂದ ವಾಪಸ್ ಹೊರಡಿ.

ಕಾರ್ಡಿಗೆ ಸಹಿ ಹಾಕುವ ಮುನ್ನ ಎಕ್ಸ್‌ಗಳನ್ನು ನೀವೇ ಎಣಿಸಿ, ಬರೆದವರ ಸಹಿಯೂ ಇದೆಯೇ ನೋಡಿ. ಸಹಿ ಬಿದ್ದ ಮೇಲೆ ಕೂಡುವ ತಪ್ಪನ್ನು ತಿದ್ದಬಹುದು, ಗುಂಡಿನ ಬೆಲೆಯನ್ನು ಪ್ರಶ್ನಿಸುವ ಹಾಗಿಲ್ಲ. ಸಮ ಬಂದಾಗ ಮೊದಲು ಎಕ್ಸ್ ಲೆಕ್ಕ, ಆಮೇಲೆ ಕೊನೆಯ ಗುಂಡಿನಿಂದ ಹಿಂದಕ್ಕೆ ಎಣಿಸುತ್ತಾರೆ. ಫಲಿತಾಂಶಪಟ್ಟಿಯಲ್ಲಿ ಎಕ್ಸ್‌ನ ಕಾಲಂ ಬಿಟ್ಟು ಬರೀ 187, 187, 186 ಎಂದು ಹಚ್ಚುವ ಕ್ಲಬ್ಬುಗಳು ಇನ್ನೂ ಇವೆ. ಬಟ್ಸ್ ಎಷ್ಟೇ ಚುರುಕಿದ್ದರೂ ನಾವು ಅವಕ್ಕೆ ಅರ್ಧ ನಕ್ಷತ್ರ ಕಡಿಮೆ ಕೊಡುತ್ತೇವೆ.